ಸೋರೆಕಾಯಿಯ ಎರಡು ತುದಿ

ನಮ್ಮ ಪಾಮನಕಲ್ಲೂರು ಶಾಲೆಯಲ್ಲಿ ಬಿಸಿಯೂಟ ಮಾಡುವ ಗ್ಯಾನಮ್ಮ ಸೋರೆಕಾಯಿ ಹೆಚ್ಚುವ ಮೊದಲು ಪ್ರತಿಯೊಂದರ ತೊಟ್ಟಿನ ಕಡೆಯ ಚೂರು ಬಾಯಿಗಿಟ್ಟು ಕಣ್ಣು ಮುಚ್ಚುತ್ತಾಳೆ. ಆಗ ಒಲೆಯ ಹೊಗೆ ಕೂಡ ಅವಳ ತೀರ್ಪಿಗೆ ಕಾಯುತ್ತ ಗಾಳಿಯಲ್ಲಿ ನಿಂತುಬಿಡುತ್ತದೆ, ಗೋಡೆಯಾಚೆ ಮಗ್ಗಿ ಹೇಳುವ ಮಕ್ಕಳ ದನಿ ಕೆರೆಯ ತಳದಿಂದ ಬಂದಂತೆ ಕೇಳುತ್ತದೆ. ಕಹಿ ಹತ್ತಿದರೆ ತಟ್ಟನೆ ಉಗುಳಿ, ಆ ಕಾಯಿಯನ್ನು ದನಕ್ಕೂ ಹಾಕದೆ ಮಣ್ಣಿನಲ್ಲಿ ಹೂಳುತ್ತಾಳೆ. "ಹಾಗಲಕಾಯಿನೂ ಕಹಿನ ಅಲ್ಲೇನು ಗ್ಯಾನಮ್ಮ?" ಎಂದು ನಾನೊಮ್ಮೆ ಕೇಳಿ ಬೈಸಿಕೊಂಡೆ. "ಆ ಕಹಿ ಬ್ಯಾರೆ, ಈ ಕಹಿ ಬ್ಯಾರೆ ರೀ ಮಾಸ್ತರ. ಇದು ವಿಷ. ಎಷ್ಟು ಕುದಿಸಿದ್ರೂ ಹೋಗಂಗಿಲ್ಲ, ಹುಡುಗ್ರು ರಕ್ತ ಕಾರ್ತಾವ!" ಹೋದ ವರ್ಷ ಜ್ವರದಿಂದ ಎದ್ದು ಬಂದವಳು, ತಾನೇ ಉಪ್ಪು ಹಾಕಲು ಮರೆತ ಸಾರನ್ನು ಸವಿದು "ಉಪ್ಪು ಸರಿ ಐತಿ" ಅಂದಳು. ಅವಳ ನಾಲಿಗೆಯಿಂದ ರುಚಿಯೇ ಹೋಗಿದೆಯೆಂದು ನಮಗೆ ತಿಳಿದದ್ದು ಆಗ. ಈಗ ಅವಳು ಬರುವ ಮೊದಲೇ ಜೊತೆಯ ಅಡುಗೆಯವಳು ಮಹೇಶ್ವರಿ ಪ್ರತಿ ಕಾಯಿಯ ಇನ್ನೊಂದು ತುದಿ ಕೊಯ್ದು ರುಚಿ ನೋಡಿ, ಕಹಿಯಾದದ್ದನ್ನು ಹೂತಿರುತ್ತಾಳೆ. ಗ್ಯಾನಮ್ಮ ಆ ಹಸಿ ಕೊಯ್ತದ ಮೇಲೆ ಹೆಬ್ಬೆರಳು ಆಡಿಸಿ, ಮಹೇಶ್ವರಿಯ ಕಡೆ ಒಮ್ಮೆ ನೋಡಿ, ಎಂದಿನಂತೆ ಕಣ್ಣು ಮುಚ್ಚಿ ತನ್ನ ಚೂರು ಜಗಿದು, "ಎಲ್ಲಾ ಚಲೋ ಅದಾವವ್ವ, ಹೆಚ್ಚು" ಎನ್ನುತ್ತಾಳೆ.