ಹೊಗೆಸೊಪ್ಪಿನ ಹೂವು

ಹೊಲಿಗೆಯಕ್ಕನ ಬಲಗೈ ಹೆಬ್ಬೆರಳು ಹೊಗೆಸೊಪ್ಪಿನ ಸೀಸನ್ ಮುಗಿಯುವವರೆಗೂ ಕಪ್ಪಗಿರುತ್ತಿತ್ತು. ಬೆಳಿಗ್ಗೆಯೆಲ್ಲ ರಾಮನಾಥಪುರದ ಕಡೆಯ ಹೊಲಗಳಲ್ಲಿ ಕೂಲಿ. ಹೊಗೆಸೊಪ್ಪಿನ ಗಿಡ ಹೂ ಬಿಟ್ಟರೆ ಎಲೆ ಸೊರಗುತ್ತದೆಂದು ಹೂವಿನ ತುದಿಗಳನ್ನೆಲ್ಲ ಮುರಿದು ಹಾಕುವ ಕೆಲಸ. ಆ ಅಂಟು ಏನು ಮಾಡಿದರೂ ಹೋಗದು. ಮಧ್ಯಾಹ್ನ ಅರಕಲಗೂಡಿನಲ್ಲಿ ಬಸ್ಸಿಳಿದು, ನಿಂಬೆಹೋಳಿನಿಂದ ಕೈ ತಿಕ್ಕಿ ತಿಕ್ಕಿ ತೊಳೆದ ಮೇಲೆಯೇ ರೇಷ್ಮೆ ಮುಟ್ಟುತ್ತಿದ್ದಳು.

ಅವಳ ಪುಟ್ಟ ಅಂಗಡಿಯಲ್ಲಿ ನಾನು ಒಂದು ವರ್ಷ ಬ್ಲೌಸಿನ ಕಸೂತಿ ಕಲಿತೆ. ಕಲಿಸುವುದೆಂದರೆ ಬೈಯುವುದು. "ಎಸ್ಳು ಅಂದ್ರೆ ಎಸ್ಳಂಗಿರ್ಬೇಕು, ಚಮ್ಚ ಅಲ್ಲ ಕಣೇ!" ಗಿರಾಕಿಗಳು ಕೇಳುತ್ತಿದ್ದದ್ದು ಅವವೇ: ಮೈನೆರೆದ ಹುಡುಗಿಗೆ ಮೊಗ್ಗು, ಮದುವೆ ಹೆಣ್ಣಿಗೆ ಕಮಲ, ಸೀಮಂತಕ್ಕೆ ಕಾಯಿ ಬಿಟ್ಟ ಬಳ್ಳಿ. "ಇವ್ರಿಗೆ ಎಣ್ಣು ಅಂದ್ರೆ ಈ ಮೂರೇಯ" ಎಂದು ಆಕಳಿಸಿ, ಸೊಂಟ ಒತ್ತಿಕೊಂಡು ಮತ್ತೆ ಸೂಜಿ ಹಿಡಿಯುತ್ತಿದ್ದಳು.

ನನ್ನ ಮದುವೆ ಬ್ಲೌಸಿಗೆ, "ನಿನ್ಗೆ ಇಷ್ಟ ಬಂದಿದ್ದು ಆಕಕ್ಕ" ಅಂದಿದ್ದೆ. ತೋಳಿಗೆ ಉದ್ದ ಕತ್ತಿನ, ಐದೆಸಳಿನ ತಿಳಿಗುಲಾಬಿ ಹೂ ಹಾಕಿದ್ದಳು. ನನಗೆ ಬಹಳ ಹಿಡಿಸಿತು. ಮದುವೆಗೆ ಎರಡೇ ದಿನವಿತ್ತು. ನೋಡಿದ್ದೇ ತಡ, ಅಮ್ಮ ಅಂಗಡಿಯಲ್ಲೇ ಕೂಗಾಡಿದಳು: "ಒಗೆಸೊಪ್ಪಿನ ಊವಾ? ಮುರ್ದು ಎಸೆಯೋದ್ನ ಮದ್ವೆ ಎಣ್ಣಿನ ಮೈಮೇಲೆ ಆಕ್ತಾರೇನೇ? ಬೀಗ್ರು ಏನಂದ್ಕಂಡಾರು?"

"ಮುರ್ದು ಮುರ್ದು ಸಾಕಾಗೋಯ್ತು ಕಣವ್ವ. ಒಂದಾದ್ರೂ ಅರಳ್ಕಂಡಿರ್ಲಿ ಅಂದ್ಕಂಡೆ" ಅಂದ ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಅವಳು ಕತ್ತರಿ ತೆಗೆದುಕೊಂಡು ಹೂವಿನ ದಾರ ಬಿಚ್ಚತೊಡಗಿದಳು. "ಓಗ್ಲಿ ಬುಡವ್ವ. ರೇಸ್ಮೇಲಿ ಸೂಜಿ ತೂತು ಮುಚ್ಕಳಲ್ಲ. ಅದ್ರ ಮೇಲೇ ದೊಡ್ಡದಾಗಿ ಕಮಲ ಆಕ್ತೀನಿ." ಅವತ್ತು ಸಂಜೆಯವರೆಗೆ, ಮಾರನೆಯ ದಿನ ಪೂರ್ತಿ, ಕಣ್ಣೊರೆಸಿಕೊಳ್ಳುತ್ತಲೇ ಹಾಕಿದಳು. ಕಣ್ಣಿನ ಆಯಾಸಕ್ಕೆ ನೀರು ಬರುತ್ತಿದೆ ಎಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಸುಲಭವಿತ್ತು.

ಆ ಬ್ಲೌಸ್ ತೊಟ್ಟೇ ಚನ್ನರಾಯಪಟ್ಟಣಕ್ಕೆ ಬಂದೆ. ಅವಳು ಕಲಿಸಿದ ಕಸೂತಿಯೇ ಇವತ್ತಿಗೂ ನನಗೆ ಅನ್ನ. ಸೊಂಟನೋವೂ ಅವಳದೇ ಬಂದಿದೆ. ಒಂದು ದಿನ ಹೋಗಿ ತಪ್ಪಾಯ್ತಕ್ಕ ಅನ್ನಬೇಕು ಎಂದುಕೊಳ್ಳುತ್ತ ವರ್ಷಗಳು ಕಳೆದವು. ಹೋದ ತಿಂಗಳು ಅವಳು ತೀರಿಕೊಂಡಳೆಂದು ಫೋನ್ ಬಂತು. ಮಣ್ಣಿಗೆ ಹೋಗಿ ಬಂದೆ.

ಬಂದವಳು ಈಗ ಮೈಗೆ ಹಿಡಿಯದ ಆ ಬ್ಲೌಸನ್ನು ಟ್ರಂಕಿನಿಂದ ತೆಗೆದು ಒಂದು ತೋಳಿನ ಕಮಲ ಬಿಚ್ಚಿದೆ. ಕೆಳಗೆ ಮೊದಲ ಹೂವಿನ ತೂತುಗಳು ಹಾಗೇ ಇದ್ದವು, ಐದೆಸಳು, ಉದ್ದ ಕತ್ತು. ಹೊಸದಾಗಿ ಏನೂ ಗೀಚಬೇಕಿರಲಿಲ್ಲ. ತಿಳಿಗುಲಾಬಿ ದಾರ ಪೋಣಿಸಿ, ಅವಳ ತೂತುಗಳಲ್ಲೇ ಸೂಜಿ ಇಳಿಸಿದೆ.