ಬೇಕಾದಷ್ಟೇ ಹೇಳುವವರು

ಅಜ್ಜೀಪುರದ ಹತ್ತಿರ ನಾನು ಮೇಷ್ಟ್ರಾಗಿದ್ದ ಊರಿನ ಆಶಾ ಕಾರ್ಯಕರ್ತೆ ಮಕ್ಕಳ ವಿಷಯವನ್ನು ಫೋನಿನಲ್ಲಿ ಎಂದೂ ಹೇಳುತ್ತಿರಲಿಲ್ಲ. ಬಿಸಿಯೂಟ ಮುಗಿದು ಎಲ್ಲರೂ ಹೋದ ಮೇಲೆ ನನ್ನನ್ನು ಅಡುಗೆಕೋಣೆಗೆ ಕರೆದು, ಕಿಟಕಿ ಮುಚ್ಚಿ, ಆಮೇಲೆ ಬಾಯಿ ತೆರೆಯುತ್ತಿದ್ದರು.

ಒಮ್ಮೆ ಆರನೇ ತರಗತಿಯ ಹುಡುಗಿಯ ಬಗ್ಗೆ ಹೇಳಿದರು: “ಸಂಜೆ ಯಾರ್ ಬಂದ್ ಕರುದ್ರೂ ಅವಳ್ನ ಕಳುಸ್ಬೇಡಿ ಸಾ. ನಾನೇ ಬಂದು ಕರ್ಕಂಡ್ ಓಯ್ತೀನಿ.”

“ಯಾಕಮ್ಮಾ, ಏನಾಯ್ತು?”

“ಅದು ಡಾಕ್ಟ್ರಿಗೆ, ಮಕ್ಕಳ ರಕ್ಷಣೆ ಆಫೀಸ್ನೋರ್ಗೆ ಗೊತ್ತು. ನಿಮ್ಗೆ ಬೇಕಾದಷ್ಟು ಏಳಿವ್ನಿ.”

ಅವರ ಮಾತು ಯಾವಾಗಲೂ ಹೀಗೇ ಮುಗಿಯುತ್ತಿತ್ತು. ನನಗೆ ರೇಗಿತು. ‘ಈ ಹುಡುಗಿಯ ಮನೆಯಲ್ಲಿ ಏನು ತೊಂದರೆ? ಗೊತ್ತಿದ್ದವರು ತಿಳಿಸಿ’ ಎಂದು ಅವಳ ಹೆಸರು ಬರೆದು ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ.

ಆಕೆ ಏದುಸಿರು ಬಿಡುತ್ತಾ ಓಡಿಬಂದರು. “ಮೊದ್ಲು ಅಳ್ಸಿ ಸಾ! ಅವಳು ಯಾರ್ಗೆ ಎದರ್ತಾಳೋ, ಅವ್ನೂ ಆ ಗ್ರೂಪಲ್ಲೇ ಅವ್ನೆ.”

ತಕ್ಷಣ ಅಳಿಸಿದೆ. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಕೇಳಿದರೆ ಆಶಾ ಕಾರ್ಯಕರ್ತೆ “ಚೆನ್ನಾಗಿರೋ ಕಡೆ ಅವ್ಳೆ” ಎಂದಷ್ಟೇ ಹೇಳಿದರು.

ಯಳಂದೂರಿಗೆ ವರ್ಗವಾಗಿ ಎಷ್ಟೋ ದಿನದ ಮೇಲೆ, ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕರು. ತಡೆಯಲಾರದೆ ಕೇಳಿದೆ: “ಆ ಹುಡುಗಿ ಈಗೆಲ್ಲಿದ್ದಾಳೆ?”

ಅವರು ನಕ್ಕು, ಸುತ್ತ ಒಮ್ಮೆ ನೋಡಿದರು.

“ಅವಳೀಗ ನಿಮ್ ಕ್ಲಾಸಲ್ಲಿ ಇಲ್ವಲ್ಲಾ ಸಾ?” ಎಂದು ಹನೂರಿನ ಬಸ್ಸು ಹತ್ತಿದರು.