ಪರದೆಯ ಮೇಲಿನ ಕೌದಿ

ಆರು ತಿಂಗಳ ಬಸುರಿ ಅಕ್ಕ ಜೀಡಿಮೆಟ್ಲಾದ ಗಂಡನ ಮನೆಯಿಂದ ಕಾಚಿಗೂಡದ ನಮ್ಮ ಮನೆಗೆ ಬಂದಾಗ ನಾನು ಅಮೀರ್‌ಪೇಟ್‌ನಲ್ಲಿ ಕೋಡಿಂಗ್ ಕಲಿಯುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಮನೆಯಲ್ಲೂ ಸುಮ್ಮನಿರುತ್ತಿರಲಿಲ್ಲ.

ಹಳೆಯ ಸೀರೆಗಳನ್ನು ಕತ್ತರಿಸಿ, ತುಂಡು ಜೋಡಿಸಿ ಹೊಲಿದ ಕೌದಿಯೇ ನಮ್ಮಲ್ಲಿ ಕೂಸಿನ ಮೊದಲ ಹೊದಿಕೆ. ಆದರೆ ಕೂಸು ಮಡಿಲಿಗೆ ಬರುವ ತನಕ ಅವ್ವ ಸೂಜಿ ಹಿಡಿಯುವುದಿಲ್ಲ. ಯಾಕೆ ಎಂದು ಕೇಳಿದರೆ, ಹಿಡಿಯಬಾರದು ಅಂದಳು. ಇದು ಕಾರಣವಲ್ಲ, ಅದೇ ಮಾತನ್ನು ಎರಡನೇ ಸಲ ಹೇಳುವುದು ಅಂದೆ. ಅಷ್ಟಕ್ಕೇ ಬಿಡದೆ, ಪರದೆಯ ಮೇಲೆ ಕೌದಿ ಬಿಡಿಸಲು ಲ್ಯಾಪ್‌ಟಾಪ್ ತೆರೆದೆ.

ಒಂದು ಚೌಕ. ಅದನ್ನು ಮೂಲೆಯಿಂದ ಮೂಲೆಗೆ ಸೀಳಿ ಅರ್ಧಕ್ಕೆ ಬಣ್ಣ. ಅಂಥ ನಾಲ್ಕನ್ನು ಒಂದೊಂದು ಕಾಲು ಸುತ್ತು ತಿರುಗಿಸಿ ಕೂಡಿಸಿದರೆ ಗಾಳಿಗೆ ತಿರುಗುವ ಕಾಗದದ ಗಿರಗಿಟ್ಲೆ. ಅದನ್ನು ಬಲಕ್ಕೆ ಸರಿಸಿ ಮತ್ತೆ ಬರೆ, ಅಂಚು ತಾಗಿದರೆ ಕೆಳಗಿನ ಸಾಲಿಗೆ ಇಳಿ. ಕೋಡ್‌ನಲ್ಲಿ ಇದ್ದದ್ದು ಇಷ್ಟೇ.

"ಕಪ್ಪು ತೆಗಿ," ಪಕ್ಕದಲ್ಲಿ ಕೂತ ಅಕ್ಕ ಹೇಳಿದಳು. "ಆಟೋ ಸೀಟಿನ ಹೊದಿಕಿ ಹಂಗ ಕಾಣ್ತೈತಿ."

ಅರಿಶಿನ ಬಣ್ಣ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಹುಟ್ಟೂಕಿಂತ ಮೊದಲ ಕೌದಿ ಮಾಡಬ್ಯಾಡ ಅಂದಿದ್ದೆ."

"ಎಲ್ಲಿ ಮಾಡೀನಿ ಅವ್ವಾ? ಅರಿವಿ ಐತೇನು? ದಾರ ಐತೇನು? ಕರೆಂಟ್ ಹೋದ್ರ ಇದೂ ಇಲ್ಲ."

"ನಿನ್ನ ಬಾಯಿಗೆ ಯಾರ ಹತ್ತಬೇಕು," ಎಂದು ಅವ್ವ ಒಳಗೆ ಹೋದಳು. ಅಕ್ಕ ನಕ್ಕು, ಆ ಚಿತ್ರವನ್ನು ತನ್ನ ಫೋನಿನ ಪರದೆಗೆ ಹಾಕಿಸಿಕೊಂಡಳು. ನಾನು ಗೆದ್ದಿದ್ದೆ.

ಎಂಟನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು.

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅವ್ವ ನನಗೆ ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ, ಉತ್ತರ ಸಿದ್ಧವಿತ್ತು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ಅವ್ವ ಮಾತ್ರ ಮಜ್ಜಿಗೆ ಬೇಕೇನು ಎಂದಷ್ಟೇ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಭಾವನ ಕರೆ ಬಂದು ನಿಂತಿತು. ಬೆಳಗಿದ ಪರದೆಯಲ್ಲಿ ಅದೇ ಅರಿಶಿನ ಬಣ್ಣದ ಕೌದಿ ಕಂಡಿತು. ಫೋನನ್ನು ಬೋರಲು ಹಾಕಿ ಅಕ್ಕ ನನ್ನತ್ತ ತಳ್ಳಿದಳು.

"ಇದನ್ನ ತೆಗಿ."

"ಅಕ್ಕಾ, ಇದರಿಂದ ಏನೂ ಆಗಿಲ್ಲ. ಹೊಕ್ಕಳಬಳ್ಳಿ ಗಂಟು ಬಿದ್ದಿತ್ತು ಅಂತ ಡಾಕ್ಟರ್ ಹೇಳ್ಯಾರ. ಈಗ ತೆಗದ್ರ ಅವ್ವನ ಮಾತು ಖರೇ ಅಂತ ನಾವ ಒಪ್ಪಿದಂಗ..."

"ಇದರಿಂದ ಆತು ಅಂತ ಯಾರಂದ್ರು?" ಅವಳ ದನಿ ಏರಲಿಲ್ಲ. "ನೋಡಾಕ ಆಗವಲ್ದು. ಟೈಮ್ ನೋಡಾಕ ಹೋದ್ರೂ ಇದ ಬರ್ತೈತಿ."

ಯಾರೂ ಹೂಡದ ವಾದಕ್ಕೆ ನಾನು ಉತ್ತರ ಕೊಡುತ್ತಿದ್ದೆ. ಫೋನ್ ಎತ್ತಿಕೊಂಡು ಚಿತ್ರ ತೆಗೆದೆ. ಅದರ ಜಾಗಕ್ಕೆ, ಫೋನಿನ ಜೊತೆಗೇ ಬಂದಿದ್ದ ಯಾವುದೋ ಹಿಮದ ಬೆಟ್ಟ ಬಂತು.

"ಕಂಪ್ಯೂಟರ್‌ದಾಗೂ ಐತೇನು?"

"ಐತಿ. ಅದನ್ನೂ ಅಳಸ್ಲೇನು?"

ಅವಳು ಮತ್ತೆ ಗೋಡೆಯತ್ತ ಹೊರಳಿದಳು.

"ಬ್ಯಾಡ, ಇರಲಿ. ನನಗ ತೋರಸಬ್ಯಾಡ."

ಅದು ಇನ್ನೂ ಅಲ್ಲೇ ಇದೆ. ಅಕ್ಕ ಮನೆಗೆ ಬಂದ ದಿನ ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ.